ಓರೀಸ್ಯಾಳ ಸೂಪು ಮತ್ತು ಸಿಂಬೆ

ಕನೋರಾ ಎಂಬ ಚಳಿನಾಡಿನ ಊರಿನ ಓರೀಸ್ಯಾ ಹ್ನಾತ್ಯುಕ್ ಮಾಡುತ್ತಿದ್ದ ಬೀಟ್‌ರೂಟ್ ಸೂಪಿಗೆ ಸುತ್ತಲಿನ ಹತ್ತೂರುಗಳಲ್ಲಿ ಹೆಸರಿತ್ತು. ಆದರೆ ಆ ಸೂಪು ಅವಳ ಮನೆಯಿಂದ ಚರ್ಚಿನ ಊಟದ ಹಾಲ್‌ಗೆ ಪೂರ್ತಿಯಾಗಿ ತಲುಪಿದ್ದು ಮಾತ್ರ ಅಪರೂಪ. ದಾರಿಯಲ್ಲಿ ರೈಲು ಹಳಿ ಅಡ್ಡ ಬರುತ್ತಿತ್ತು. ಕಾರು ಹಳಿ ಹತ್ತಿ ಇಳಿಯುವಷ್ಟರಲ್ಲಿ ಹಿಂದಿನ ಸೀಟಿನ ಮೇಲಿದ್ದ ಪಾತ್ರೆ ಒಮ್ಮೆ ಎಡಕ್ಕೆ ವಾಲಿ, ಒಮ್ಮೆ ಬಲಕ್ಕೆ ವಾಲಿ, ಯಾವ ಕಡೆ ಬೀಳಲಿ ಎಂದು ಒಂದು ಗಳಿಗೆ ಯೋಚಿಸಿ, ಕೊನೆಗೆ ಹಾಯಾಗಿ ಮಲಗಿಬಿಡುತ್ತಿತ್ತು.

ಓರೀಸ್ಯಾಳಿಗೆ ಆಗ ಐವತ್ತೇಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮುನ್ನೂರು ಮಕ್ಕಳಿಗೆ ಬಡಿಸುವಾಗ ಒಂದು ಹನಿ ಚೆಲ್ಲದ ಕೈ ಅವಳದು. ಅದಕ್ಕೇ ಕಾರಿನಲ್ಲಿ ಆಗುತ್ತಿದ್ದ ಅವಮಾನ ಅವಳನ್ನು ಇನ್ನಷ್ಟು ಉರಿಸುತ್ತಿತ್ತು. ಪಾತ್ರೆಯ ಸುತ್ತ ಟವೆಲ್ ತುರುಕಿ ನೋಡಿದಳು. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ನೋಡಿದಳು. ರಟ್ಟು ನೆನೆದು ಪೆಟ್ಟಿಗೆಯ ತಳವೇ ಕಳಚಿತು. ಕೊನೆಗೆ ಮಡಿಲಲ್ಲಿಟ್ಟುಕೊಂಡು ಕೂತಳು. ಆ ದಿನ ಕೆಂಪಾದ ಲಂಗ ಕಾಣದಿರಲೆಂದು ಊಟದ ಹಾಲ್‌ನಲ್ಲಿ ಮೂರು ತಾಸು ಕೋಟು ಬಿಚ್ಚದೆ ಬೆವರಬೇಕಾಯಿತು.

"ಸ್ವಲ್ಪ ನಿಧಾನಕ್ಕೆ ಓಡ್ಸೋಕಾಗಲ್ವಾ ನಿಂಗೆ?" ಎಂದು ಗಂಡ ಮೆತ್ರೊನ ಮೇಲೆ ರೇಗಿದಳು.

"ಇದಕ್ಕಿಂತ ನಿಧಾನ ಅಂದ್ರೆ ನಿಲ್ಲಿಸ್ಬೇಕು ಅಷ್ಟೆ. ಇಳಿದು ತಳ್ತೀಯಾ?" ಎಂದ ಮೆತ್ರೊ.

ಆ ವರ್ಷದ ಸುಗ್ಗಿಯೂಟಕ್ಕೆ ಓರೀಸ್ಯಾ ಒಬ್ಬಳೇ ಹೊರಟಿದ್ದಳು. ಹಳಿ ದಾಟಿದ್ದೇ ಹಿಂದೆ 'ಬುಳಕ್' ಎಂದಿತು. ತಿರುಗಿ ನೋಡುವ ಗೋಜಿಗೇ ಹೋಗಲಿಲ್ಲ. ಪೆಟ್ರೋಲ್ ಬಂಕಿನ ಹತ್ತಿರ, ಊರಿಗೆ ಹೊಸದಾಗಿ ಬಂದಿದ್ದ ಪೊಲೀಸಿನವನೊಬ್ಬ ಕೈ ಅಡ್ಡ ಹಾಕಿ ಕಾರು ನಿಲ್ಲಿಸಿದ.

"ಅಮ್ಮಾ, ಸ್ವಲ್ಪ ಕೆಳಗಿಳೀರಿ. ನಿಮ್ಮ ಹಿಂದಿನ ಬಾಗಿಲಿಂದ ಏನೋ ಸುರೀತಿದೆ."

"ಅದು ಹದಿನೈದು ವರ್ಷದಿಂದ ಸುರೀತಾನೇ ಇದೆ."

ಅವನು ಬಾಗಿಲು ತೆಗೆದ. ಸೀಟು ಕೆಂಪು, ನೆಲ ಕೆಂಪು, ಬಿಳಿ ಟವೆಲ್ಲಿನಡಿ ಏನೋ ದುಂಡಗೆ. ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಯಾ... ಯಾರಿದು?"

"ಎಲೆಕೋಸು," ಎಂದಳು ಓರೀಸ್ಯಾ. "ಪಕ್ಕದಲ್ಲಿರೋದು ಪಾತ್ರೆ."

ಸಂಜೆಯೊಳಗೆ ಈ ಕಥೆ ಊರೆಲ್ಲ ಸುತ್ತಿ ಬಂತು. ನಗುವವರು ನಕ್ಕರು. ಓರೀಸ್ಯಾ ಮಾತ್ರ ಮನೆಗೆ ಬಂದವಳೇ ಕತ್ತರಿ ಹಿಡಿದು, ಗಂಡನ ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಕಚಕ್ಕನೆ ಕತ್ತರಿಸಿದಳು.

"ನನ್ನ ಪ್ಯಾಂಟು!" ಎಂದ ಮೆತ್ರೊ.

"ಮಂಡಿ ಹತ್ರ ತೂತು ಬಿದ್ದಿತ್ತು."

"ಒಂದು ಕಾಲಿಗೆ ತಾನೆ? ಇನ್ನೊಂದು ಚೆನ್ನಾಗಿತ್ತಲ್ಲೇ!"

"ನಾನು ಕತ್ತರಿಸಿದ್ದು ಅದನ್ನೇ."

ಬಟ್ಟೆಯನ್ನು ಉದ್ದನೆಯ ಚೀಲದಂತೆ ಹೊಲಿದು, ಒಳಗೆ ಗೋಧಿ ತುಂಬಿ, ಎರಡೂ ತುದಿ ಸೇರಿಸಿದಳು. ನೀರು ತರುವ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವಂಥದೇ ಸಿಂಬೆ, ಆದರೆ ಎಮ್ಮೆಯ ಕುತ್ತಿಗೆಗೆ ಹಾಕಬಹುದಾದಷ್ಟು ದಪ್ಪ. ಪಾತ್ರೆ ಅದರೊಳಗೆ ಹೇಳಿ ಮಾಡಿಸಿದಂತೆ ಕೂತಿತು. ಮುಂದಿನ ಭಾನುವಾರ ಹಳಿ ದಾಟಿದಾಗ ಮುಚ್ಚಳದ ಅಂಚಿನಿಂದ ಸ್ವಲ್ಪ ಸೂಪು ಸೋರಿದ್ದು ಬಿಟ್ಟರೆ ಪಾತ್ರೆ ಅಲುಗಲಿಲ್ಲ. ಓರೀಸ್ಯಾ ಆ ಖುಷಿಯಲ್ಲಿ ಸಿಂಬೆಯನ್ನು ಕಾರಿನಲ್ಲೇ ಮರೆತಳು.

ಹತ್ತು ದಿನ ಕಳೆದು ಮೆತ್ರೊ ಶೆಡ್ಡಿನಿಂದ ಕೂಗಿದ. "ಓರೀಸ್ಯಾ, ಬಾ ಇಲ್ಲಿ! ಈ ಸಲ ಹಿಂದಿನ ಸೀಟಲ್ಲಿ ಬೆಳೆ ಚೆನ್ನಾಗಿ ಬಂದಿದೆ. ಕುಯ್ಯೋಕೆ ಯಾರನ್ನ ಕರೀಲಿ?"

ಸೂಪು ಕುಡಿದ ಗೋಧಿ ಹೊಲಿಗೆಯ ಸಂದಿಯಿಂದ ಹಸಿರಾಗಿ ತಲೆ ಎತ್ತಿತ್ತು. ಓರೀಸ್ಯಾ ಗೋಧಿ ಸುರಿದು, ಹೊಳೆಯ ದಂಡೆಯಿಂದ ಸಣ್ಣ ಬೆಣಚುಕಲ್ಲು ತಂದು ತೊಳೆದು ತುಂಬಿದಳು. ಕಲ್ಲು ಮೊಳೆಯುವುದಿಲ್ಲ. ಭಾರವೂ ಜಾಸ್ತಿ.

ಊಟದ ಹಾಲ್‌ಗೆ ಪಾತ್ರೆ ಹೊತ್ತು ಬರುವ ಹೆಂಗಸರಿಗೆಲ್ಲ ಇದೇ ಗೋಳಿತ್ತು. ನನಗೊಂದು, ನನ್ನ ತಂಗಿಗೊಂದು ಎಂದು ಕೇಳತೊಡಗಿದರು. ಹಾರ್ಡ್‌ವೇರ್ ಅಂಗಡಿಯ ಪ್ರೊಕೋಪ್ ಎರಡು ಡಜನ್ ಹೊಲಿಸಿಕೊಂಡು ಬಾಗಿಲ ಹತ್ತಿರವೇ ಜೋಡಿಸಿಟ್ಟ. ವಾರ ಕಳೆಯುವುದರೊಳಗೆ ಅವನಿಂದ ಫೋನು ಬಂತು.

"ಎಲ್ಲಾ ಖಾಲಿಯಾಯ್ತು ಓರೀಸ್ಯಾ. ಆದ್ರೆ..."

"ಆದ್ರೆ ಏನು?"

"ತಗೊಂಡೋರೆಲ್ಲಾ ವಯಸ್ಸಾದ ಗಂಡಸ್ರು. ಕಲ್ಲು ಚುಚ್ಚತ್ತೆ ಅಂತ ವಾಪಸ್ ತರ್ತಿದಾರೆ."

"ಪಾತ್ರೆಗೆ ಕಲ್ಲು ಯಾಕೆ ಚುಚ್ಚತ್ತೆ?"

ಪ್ರೊಕೋಪ್ ಕೆಮ್ಮಿದ. "ಪಾತ್ರೆಗಲ್ಲ."

ಓರೀಸ್ಯಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೆನ್ನೆ ಅವಳ ಸೂಪಿನಷ್ಟೇ ಕೆಂಪಾಯಿತು. ದಿನವೆಲ್ಲ ಟ್ರ್ಯಾಕ್ಟರಿನ ಗಟ್ಟಿ ಸೀಟಿನ ಮೇಲೆ ಕೂತು ಕೂತು ಮೂಲವ್ಯಾಧಿ ಹಿಡಿಸಿಕೊಂಡವರು ಊರಿನಲ್ಲಿ ಇಷ್ಟು ಮಂದಿ ಇದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎರಡು ದಿನ ಸಿಟ್ಟಿನಲ್ಲಿ ಹೊಲಿಗೆ ಮುಟ್ಟಲಿಲ್ಲ. ಮೂರನೆಯ ದಿನ ನುಣ್ಣನೆಯ ಅಗಸೆ ಬೀಜ ತುಂಬಿ, ತುಸು ಅಗಲವಾದ ಇನ್ನೊಂದು ನಮೂನೆ ಹೊಲಿದಳು. ಪ್ರೊಕೋಪ್ ಅದನ್ನು ಅಂಗಡಿಯ ಹಿಂಭಾಗದಲ್ಲಿ, ಬಣ್ಣದ ಡಬ್ಬಗಳ ಮರೆಯಲ್ಲಿ ಇಟ್ಟ. ಆ ಚಳಿಗಾಲದಲ್ಲಿ ಮುದುಕರೆಲ್ಲ ಬಣ್ಣ ನೋಡಲು ಬಂದಿದ್ದೇ ಬಂದಿದ್ದು.

ಪಾತ್ರೆಯ ಸಿಂಬೆ ಮಾತ್ರ ಅಂಗಡಿಯಲ್ಲಿ ಓಡಲಿಲ್ಲ. ನೋಡಿದವರಿಗೆ ಅದು ಏನೆಂದೇ ತಿಳಿಯುತ್ತಿರಲಿಲ್ಲ. ಮೇಲೆ ನಾದಿನಿ ಸ್ತೆಫ್ಕಾಳ ಕುಹಕ ಬೇರೆ.

"ಅತ್ತಿಗೆ, ಕಲ್ಲು ತುಂಬಿದ ಪ್ಯಾಂಟಿಗೂ ಗಿರಾಕಿ ಸಿಗ್ತಾರಾ? ಅದರಲ್ಲಿ ಪಾತ್ರೆ ನಿಲ್ಲೋದು ಬರೀ ನಿಮ್ಮ ಬಾಯಿಮಾತಲ್ಲಿ ಅಷ್ಟೆ."

"ಹಾಗಾದ್ರೆ ಬಂದು ಕಾರಲ್ಲಿ ಕೂತ್ಕೋ. ಪಾತ್ರೆ ಪಕ್ಕದಲ್ಲೇ."

"ಕೂರ್ತೀನಿ. ಮುಚ್ಚಳ ಹಾಕ್ಬಾರ್ದು."

"ಹಾಕಲ್ಲ. ನೀನು ಆ ಹೊಸ ಬಿಳಿ ಕೋಟು ಹಾಕ್ಕೊಂಡು ಬರ್ಬೇಕು."

ಈಸ್ಟರ್ ಕಳೆದ ಮರು ಭಾನುವಾರ, ಪೂಜೆ ಮುಗಿಸಿದ ಇಡೀ ಸಭೆ ರೈಲು ಹಳಿಯ ಆಚೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಬಿಳಿ ಕೋಟಿನ ಸ್ತೆಫ್ಕಾ, ಅವಳ ತೊಡೆಗೆ ತಾಗಿಕೊಂಡು ಮುಕ್ಕಾಲು ತುಂಬಿದ ಕೆಂಪು ಪಾತ್ರೆ. ಓರೀಸ್ಯಾಳೇ ಕಾರು ಓಡಿಸಿದಳು. ನಿಧಾನವಾಗಿಯೇನೂ ಅಲ್ಲ. ಧಡ್, ಧಡ್ ಎಂದು ಹಳಿ ದಾಟಿತು. ಸ್ತೆಫ್ಕಾ ಕಣ್ಣು ಮುಚ್ಚಿ ಎಲ್ಲ ಸಂತರ ಹೆಸರನ್ನೂ ಒಂದೇ ಉಸಿರಿನಲ್ಲಿ ಕರೆದಳು.

ಪಾತ್ರೆ ನಿಂತೇ ಇತ್ತು. ಕೋಟಿನ ಕೊನೆಯ ಗುಂಡಿಯ ಕೆಳಗೆ, ಸಾಸಿವೆಯಷ್ಟು ಒಂದು ಹನಿ.

"ಇದು ಏನು? ಇದು ಏನು ಅಂತೀನಿ!" ಎಂದು ಸ್ತೆಫ್ಕಾ ಇಳಿದವಳೇ ಒಬ್ಬೊಬ್ಬರ ಮೂಗಿಗೂ ಕೋಟು ಹಿಡಿದಳು. ಜನ ಆ ಹನಿ ನೋಡಲು ಮುಗಿಬಿದ್ದರು. ನೋಡಿದವರೆಲ್ಲ ಒಂದೊಂದು ಸಿಂಬೆಗೆ ಹೆಸರು ಬರೆಸಿ ಹೋದರು. ಮುಂದೆ ಸ್ತೆಫ್ಕಾ ಹೋದೂರಿನಲ್ಲೆಲ್ಲ ಅತ್ತಿಗೆಯ ಮೋಸವನ್ನು ಬಣ್ಣಿಸಿದಳು. ಆಯಾ ಊರಿನಿಂದ ಸಿಂಬೆ ಬೇಕೆಂದು ಪತ್ರಗಳು ಬಂದವು.

ಎರಡು ವರ್ಷದಲ್ಲಿ ಓರೀಸ್ಯಾ ಶಾಲೆಯ ಕೆಲಸ ಬಿಟ್ಟಳು. ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಮಂಗಳವಾರ ಐದು ಹೊಲಿಗೆ ಯಂತ್ರ ಓಡಿದವು. ಅವುಗಳಲ್ಲಿ ಒಂದರ ಮುಂದೆ, ಬೇರೆಯವರ ಹೊಲಿಗೆ ಸರಿಯಿಲ್ಲ ಎನ್ನುತ್ತ, ಸ್ತೆಫ್ಕಾ ಕೂರುತ್ತಿದ್ದಳು. ಊರಿನವರು ತಮ್ಮ ಕಿರಿಕಿರಿಗಳನ್ನೆಲ್ಲ ಓರೀಸ್ಯಾಳ ಹತ್ತಿರ ತರುವುದು ರೂಢಿಯಾಯಿತು. ಒಬ್ಬರಿಗೆ ಕೈಗವಸು ಜೋಡಿ ತಪ್ಪುತ್ತದೆ, ಇನ್ನೊಬ್ಬರಿಗೆ ಕುದಿಯುವ ನೀರಿನಲ್ಲಿ ಕಡುಬು ಬಾಯಿ ಬಿಡುತ್ತದೆ. ಅವಳು ಸಮಾಧಾನ ಹೇಳುತ್ತಿರಲಿಲ್ಲ. "ಎಲ್ಲಿ, ಮಾಡಿ ತೋರ್ಸು," ಎನ್ನುತ್ತಿದ್ದಳು.

ಒಂದು ಜನವರಿ ಬೆಳಿಗ್ಗೆ ಫಾದರ್ ಮಿರೋಸ್ಲಾವ್ ಬಂದರು. ಹೊರಗಿನ ಚಳಿಯಿಂದ ಚರ್ಚಿನೊಳಗೆ ಕಾಲಿಟ್ಟೊಡನೆ ಕನ್ನಡಕಕ್ಕೆ ಮಂಜು ಹಿಡಿದು, ಪ್ರಾರ್ಥನೆಯ ಪುಸ್ತಕವೇ ಕಾಣುವುದಿಲ್ಲವಂತೆ. ಓರೀಸ್ಯಾ ಅವರನ್ನು ಬಾಗಿಲಾಚೆ ಕಳಿಸಿ, ಐದು ನಿಮಿಷ ನಿಲ್ಲಿಸಿ, ಒಳಗೆ ಕರೆದು, ಮೂಗಿನ ಹತ್ತಿರ ಬಗ್ಗಿ ನೋಡಿದಳು. ಮತ್ತೆ ಕಳಿಸಿದಳು. ಮೈನಸ್ ಮೂವತ್ತರ ಚಳಿ. ನಾಲ್ಕನೆಯ ಸಲ ಒಳಬಂದ ಫಾದರ್ ಗಡ್ಡದ ಮಂಜು ಒರೆಸಿಕೊಳ್ಳುತ್ತ ಕೇಳಿದರು:

"ಇನ್ನೂ ಎಷ್ಟು ಸಲ ಓರೀಸ್ಯಾ?"

"ಮಾತಾಡ್ಬೇಡಿ ಫಾದರ್," ಎಂದಳು ಅವಳು, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆಯುತ್ತ. "ಉಸಿರು ಯಾವ ಕಡೆ ಹೋಗತ್ತೆ ಅಂತ ನೋಡ್ತಿದೀನಿ."