ಗೆರೆಯಣ್ಣನ ನಾಲ್ಕನೆಯ ಗಡಿ

ನಮ್ಮ ವಿಧಾನಸಭಾ ಕ್ಷೇತ್ರದ ಗಡಿ ಅದುವರೆಗೆ ಮೂರು ಸಲ ಬದಲಾಗಿತ್ತು. ಮೂರು ಸಲವೂ ನಕ್ಷೆ ಬರೆದವರು ನಮ್ಮ ಕಚೇರಿಯ ಗೆರೆಯಣ್ಣ. ಗಡಿಯುದ್ದಕ್ಕೂ ಒಮ್ಮೆ ನಡೆದು ಬಾರದೆ ಅವರು ಪೆನ್ಸಿಲ್ ಮುಟ್ಟಿದವರಲ್ಲ. ಅವರ ನಿವೃತ್ತಿಗೆ ತಿಂಗಳಿದ್ದಾಗ ಗಡಿ ನಾಲ್ಕನೆಯ ಸಲ ಬದಲಾಯಿತು. ಮಂಡಿನೋವೆಂದು ನಕ್ಷೆಯನ್ನು ನನಗೆ ಒಪ್ಪಿಸಿದರು. ನಾನೋ ಕುರ್ಚಿ ಬಿಟ್ಟೇಳದೆ, ಹಳೆಯ ಕಾಲುವೆಯ ಗುಂಟ ಕಂಪ್ಯೂಟರಿನಲ್ಲೇ ಗೆರೆ ಎಳೆದು, ಮಹಾ ಜಾಣನೆಂದು ಬೀಗಿದೆ.

ನಕ್ಷೆ ಕಳಿಸುವ ದಿನ ಬೆಳಿಗ್ಗೆ ಗೆರೆಯಣ್ಣ ಕೇಳಿದರು, "ನಡೆದು ನೋಡಿದ್ಯೇನಪ್ಪಾ?"

"ಇಲ್ಲ ಸಾರ್."

"ಹಾಗಾದ್ರೆ ಚಪ್ಪಲಿ ಮೆಟ್ಕೊ."

ಕಾಲುವೆ ಎಂದೋ ಮುಚ್ಚಿಹೋಗಿ, ಅದರ ಮೇಲೆ ಹನ್ನೊಂದು ಮನೆಗಳೆದ್ದಿದ್ದವು. ನನ್ನ ಗೆರೆ ಅವುಗಳ ನಟ್ಟನಡುವೆ ಹಾದುಹೋಗಿತ್ತು. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಅಕ್ಕ ಒಬ್ಬರು ನಕ್ಷೆ ನೋಡಿ, "ಅಡುಗೆಮನೆ ಒಂದು ಕ್ಷೇತ್ರ, ನಡುಮನೆ ಇನ್ನೊಂದಾ? ನಮ್ಮ ಹೆಸರು ಯಾವ ಪಟ್ಟೀಲಿರುತ್ತೆ ತಮ್ಮಾ?" ಎಂದರು. ಎರಡೂ ಕ್ಷೇತ್ರಗಳಲ್ಲಿ ಮತದಾರರ ಪಟ್ಟಿ ಬರೆಯುವವರು 'ಇವರು ಆ ಕಡೆಯವರು' ಎಂದು ಕೈಬಿಟ್ಟರೆ ಹನ್ನೊಂದು ಮನೆಗೂ ಓಟಿಲ್ಲ.

"ಯಜಮಾನ್ರು ನಡುಮನೇಲಿ ಮಲಗೋದಾದ್ರೆ ಅವರು ವಿರೋಧ ಪಕ್ಷ," ಎಂದು ಗೆರೆಯಣ್ಣ ಅವರನ್ನು ನಗಿಸಿದರು. "ಸಂಜೆಯೊಳಗೆ ಸರಿಮಾಡ್ತೀವಿ ತಾಯಿ."

ಕುಂಟುತ್ತಲೇ ಆ ಮನೆಗಳ ಹಿಂದಿನ ರಸ್ತೆಯ ತುದಿ ಮುಟ್ಟಿ ಬಂದರು. ಗೆರೆಯನ್ನು ಆ ರಸ್ತೆಗೆ ಸರಿಸಿದೆವು, ಹನ್ನೊಂದು ಮನೆಗಳೂ ಇಡಿಯಾಗಿ ಒಂದೇ ಕ್ಷೇತ್ರಕ್ಕೆ ಸೇರಿದವು. ಸಹಿಗೆಂದು ನಕ್ಷೆಯನ್ನು ಅವರ ಮುಂದಿಟ್ಟರೆ ನನ್ನತ್ತಲೇ ತಳ್ಳಿ ನಕ್ಕರು.

"ನೀನೇ ಹಾಕು. ನಾನು ಹೋದ್ಮೇಲೆ ಜನ ಬೈಯೋಕೆ ಯಾರಾದ್ರೂ ಬೇಕಲ್ಲಪ್ಪಾ."