ನಮ್ಮ ಓಣಿಯ ನಡು

ನಿನ್ನೆ ಮುಂಜಾನೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಕಣ್ಣು ಮೊದಲಿನಂತಿಲ್ಲ. ಆದರೆ ಹರಳು ಬಂದರೆ ಬೆರಳಿಗೆ ತಿಳಿಯುತ್ತದೆ. ಅಷ್ಟನ್ನು ನಮ್ಮ ಮನೆದೇವರು ಮಲ್ಲಯ್ಯ ಇನ್ನೂ ಉಳಿಸಿದ್ದಾನೆ. ಕಸ ಚೆಲ್ಲಲು ಹೋಗಿದ್ದ ಸೊಸೆ ಬುಟ್ಟಿಯನ್ನು ಹೊರಗೇ ಬಿಟ್ಟು ಒಳಗೆ ಓಡಿಬಂದಳು.

“ಅತ್ತೀ, ರಸ್ತಾ ಮತ್ತ ಅಗಲ ಮಾಡ್ತಾರಂತ. ಗ್ವಾಡಿಗೆ ಕೆಂಪು ಬಣ್ಣದಾಗ ಗುರ್ತು ಹಾಕಿ ಹೋದ್ರು. ನಮ್ಮದು ಕಿಟಕಿ ತನಕಾ ಬಂದೈತಿ. ಎದುರಿನವರದು ನೋಡ್ರಿ, ಬರೇ ಬಾಗಿಲ ಮುಂದಿನ ಪಾವಟಿಗಿಗೆ ನಿಂತೈತಿ. ಏನೋ ಮಸಲತ್ತು ಮಾಡ್ಯಾರ ಅವರು.”

ನನ್ನ ಕೈ ಮೊರದ ಮೇಲೇ ನಿಂತಿತು. ಗೋಡೆ ಹೋಗುತ್ತದೆಂಬ ಹೆದರಿಕೆಯಿಂದಲ್ಲ. ಈ ವಯಸ್ಸಿನಲ್ಲಿ ಗೋಡೆಗಿಂತ ಮೊದಲು ನಾನೇ ಹೋಗುವವಳು. ಮಸಲತ್ತು ಎಂಬ ಆ ಮಾತನ್ನು ಬಹಳ ವರ್ಷಗಳ ಹಿಂದೆ ಇದೇ ಓಣಿಯಲ್ಲಿ ಕೇಳಿದ್ದೆ. ಆಗ ಅದನ್ನು ಆಡಿದ್ದು ಎದುರುಮನೆಯವರು, ಆಡಿದ್ದು ನನ್ನ ಮೇಲೆ.

ಬನಹಟ್ಟಿ ಆಗ ಈಗಿನ ಬನಹಟ್ಟಿಯಲ್ಲ. ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಕೆಲವೇ ವರ್ಷಗಳಾಗಿದ್ದವು. ಕರೆಂಟಿನ ಮಗ್ಗದ ಸದ್ದು ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ಮನೆಮನೆಯ ಮುಂದಿನ ಕೋಣೆಯಲ್ಲಿ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಬೀದಿಯ ಬೆಳಕಿಗೆ ಮುಖ ಮಾಡಿ ನೇಯಬೇಕು. ನಮ್ಮ ಮನೆಯ ಕುಣಿಯನ್ನು ತೋಡಿದ್ದು ನಮ್ಮ ಮಾವನವರು. ಅದರ ಅಂಚು ಮೂರು ತಲೆಮಾರಿನ ಕೈ ಊರಿ ಊರಿ ನುಣ್ಣಗಾಗಿತ್ತು ಎಂದು ಬರೆಯುವ ಆಸೆ ಇದೆ. ಖರೆ ಹೇಳಬೇಕೆಂದರೆ ಎರಡೇ ತಲೆಮಾರು, ಮತ್ತು ನುಣ್ಣಗಾದದ್ದು ನಾನು ವಾರಕ್ಕೊಮ್ಮೆ ಸಾರಿಸಿದ್ದರಿಂದ.

ಓಣಿ ಎಂದರೆ ಆಗ ನಡೆಯುವ ದಾರಿ ಮಾತ್ರವಲ್ಲ, ಕೆಲಸದ ಜಾಗ. ಸೀರೆಯ ಉದ್ದಕ್ಕೆ ಓಡುವ ಎಳೆಗಳಿಗೆ ಹಾಸು ಅನ್ನುತ್ತಾರೆ. ಆ ಹಾಸನ್ನು ಓಣಿಯುದ್ದಕ್ಕೆ ಎರಡು ಗೂಟಗಳ ನಡುವೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಬಿಸಿಲೇರುವ ಮೊದಲೇ ಎಲ್ಲ ಮುಗಿಯಬೇಕು. ಹಾಸು ಬಿಗಿದಿದೆ ಎಂದರೆ ಎತ್ತಿನ ಗಾಡಿಯವನೂ ಎತ್ತು ನಿಲ್ಲಿಸಿ ಕಾಯುತ್ತಿದ್ದ. ಯಾರೂ ಬೈದದ್ದು ನನಗೆ ನೆನಪಿಲ್ಲ.

ಇಂಥ ಓಣಿಗೆ ಮೋಟಾರು ಬರುತ್ತದೆಂಬ ಸುದ್ದಿ ಹುಟ್ಟಿತು. ಅದಕ್ಕೂ ಮೊದಲು ಇದ್ದದ್ದು ಒಬ್ಬ ಸಾಹುಕಾರನ ಖಾಸಗಿ ಮೋಟಾರು. ಊರ ಹೊರಗಿನ ಬಾವಿಯ ಹತ್ತಿರ ನಿಲ್ಲುತ್ತಿತ್ತು, ತುಂಬಿದರೆ ಹೊರಡುತ್ತಿತ್ತು, ಇಲ್ಲದಿದ್ದರೆ ಇಲ್ಲ. ಈಗ ಸರಕಾರಿ ಮೋಟಾರು ಬಂತು. ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ತುಂಬದಿದ್ದರೂ ಹೊರಡುತ್ತದೆ ಎಂದರು. ನನಗೆ ಅದೇ ಸಂಶಯ. ಖಾಲಿ ಹೋಗುವುದರಿಂದ ಸರಕಾರಕ್ಕೇನು ಬಂತು? ಏನೋ ಇರಬೇಕು ಒಳಗೆ. ಸಂಶಯ ನನಗೆ ತವರಿನಿಂದ ಬಂದದ್ದು ನೋಡಿ. ಹಾಲಿನವಳ ತಂಬಿಗೆಯೊಳಗೆ ಬೆರಳಾಡಿಸದೆ ಹಾಲು ಹಾಕಿಸಿಕೊಂಡವಳಲ್ಲ. ದೇವರ ಕಾಯಿಯನ್ನು ಒಡೆಯುವ ಮೊದಲೂ ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡುತ್ತಿದ್ದೆ.

ಮೋಟಾರು ಊರ ನಡುವೆ ಹಾಯಬೇಕು, ಅದಕ್ಕೆ ನಮ್ಮ ಓಣಿ ಅಗಲವಾಗಬೇಕು, ಮನೆ ಹೋದವರಿಗೆ ಊರಾಚೆ ಹೊಸ ಮೋಟಾರು ಸ್ಟ್ಯಾಂಡಿನ ಹತ್ತಿರ ಜಾಗ ಕೊಡುತ್ತಾರೆ. ಗಂಡಸರು ಕಟ್ಟೆಯ ಮೇಲೆ ಕೂತು ಇದನ್ನೇ ತಿರುಗಿ ತಿರುಗಿ ಮಾತಾಡಿದರು. ಆ ಜಾಗವನ್ನು ನಾನು ಕಂಡಿದ್ದೆ. ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅಲ್ಲಿ ಮನೆ ನಿಂತೀತು. ಕುಣಿ ನಿಲ್ಲುವುದಿಲ್ಲ. ನೇಕಾರನಿಗೆ ಕುಣಿಯಿಲ್ಲದ ಮನೆ ಕೊಟ್ಟರೆ ಏನು ಕೊಟ್ಟಂತಾಯಿತು, ನೀವೇ ಹೇಳಿ.

ಶ್ರಾವಣದ ಒಂದು ಸೋಮವಾರ. ಮನೆಯವರು ಹಾಸು ಬಿಗಿಯಲು ಗೂಟ ತೆಗೆದುಕೊಂಡು ಹೊರಟರು. ನಾನು ಹೊಸ್ತಿಲು ತೊಳೆದು ಅಂಗಳ ಸಾರಿಸುವವಳಿದ್ದೆ.

“ಇವತ್ತ ಅತ್ಲಾಕಡೆ ಬಡೀರಿ ಗೂಟಾನ. ಸಗಣಿ ನೀರು ಹಾಸಿನ ಮ್ಯಾಲೆ ಸಿಡದೀತು,” ಎಂದೆ.

ದಿನಾ ಓಣಿಯ ನಡುವೆ ಬಿಗಿಯುವ ಹಾಸನ್ನು ಅವರು ಅಂದು ಎದುರುಮನೆಯ ಬದಿಗೆ ಸರಿಸಿ ಬಿಗಿದರು. ಎದುರುಮನೆ ನೀಲವ್ವಕ್ಕನದು. ಓಣಿಯ ಆ ತುದಿಯಲ್ಲಿ ಎದುರುಬದುರು ನಮ್ಮೆರಡೇ ಮನೆಗಳು, ಮುಂದೆ ಬಯಲು. ನೀಲವ್ವಕ್ಕ ಗಂಡನನ್ನು ಕಳೆದುಕೊಂಡವಳು. ಅವನ ಮಗ್ಗ ಮಾರಲಿಲ್ಲ. ತಾನೇ ಸೆರಗು ಬಿಗಿದು ಕುಣಿಗೆ ಇಳಿದಳು. ಹೆಣ್ಣು ಮಗ್ಗಕ್ಕೆ ಕೂತಳು ಎಂದು ಆಡಿಕೊಂಡವರಲ್ಲಿ ನಾನೂ ಒಬ್ಬಳು. ಅಂದು ಅವಳು ಊರಲ್ಲಿರಲಿಲ್ಲ. ತಂಗಿಯ ಬಾಣಂತನಕ್ಕೆಂದು ಸಾವಳಗಿಗೆ ಹೋಗಿದ್ದಳು.

ಹಾಸಿನ ಎಳೆಗಳಿಗೆ ಗಂಜಿ ಹಚ್ಚಿ ಮುಗಿದಿತ್ತಷ್ಟೆ, ಅಳತೆಯ ಸಾಹೇಬರು ಬಂದರು. ಇಬ್ಬರು ಆಳುಗಳು, ಕಬ್ಬಿಣದ ಸರಪಳಿ, ಒಂದು ಡಬ್ಬಿ ಸುಣ್ಣ. ಹಾಸು ಎತ್ತಿರಿ ಎಂದರು. ನಮ್ಮ ಮನೆಯವರು ಕೈಮುಗಿದರು.

“ಹಸೀ ಐತ್ರಿ ಸಾಹೇಬ್ರ. ಈಗ ಎಬ್ಬಿಸಿದ್ರ ಎಳಿ ಎಳಿ ಅಂಟಕೊಂಡು ಹಾಳಾಗತೈತ್ರಿ. ಒಂದ್ ತಾಸು ತಡೀರಿ.”

“ತಡಿಯಾಕ ಮೋಟಾರು ನಮ್ಮಪ್ಪಂದಲ್ಲ,” ಎಂದು ಸಾಹೇಬರು ಹಾಸನ್ನು ಆ ತುದಿಯಿಂದ ಈ ತುದಿಗೆ ನೋಡಿದರು. “ಇರ್ಲಿ ಬಿಡು. ನೆಟ್ಟಗ ಐತಿ. ಹ್ಯಾಂಗೂ ನೀವು ಹಾಸೂದು ಓಣಿ ನಡುವ ಅಲ್ಲೇನು? ಇದರ ಬಾಜೂಕ ಸರಪಳಿ ಬಿಡ್ರಿ.”

ಬಿಟ್ಟರು. ಹಾಸಿನ ಪಕ್ಕದಲ್ಲಿ ಸುಣ್ಣದ ಗೆರೆ ಎಳೆದು, ಅದರಿಂದ ಎರಡೂ ಕಡೆಗೆ ಸಮನಾಗಿ ಅಳೆದರು. ನಾನು ಚಹಾ ಕೊಟ್ಟೆ. ಕುಡಿಯುವ ಮೊದಲು ಅವರು ಬಟ್ಟಲೊಳಗೆ ಒಮ್ಮೆ ನೋಡಿದರು. ಅವರಿಗೂ ನನ್ನದೇ ರೋಗ. ನಮ್ಮ ಕಡೆ ಗುರುತು ಕಟ್ಟೆಯ ಅಂಚಿಗೆ ನಿಂತಿತು. ನೀಲವ್ವಕ್ಕನ ಗೋಡೆಯ ಮೇಲೆ ಮೂರು ಮೊಳ ಒಳಗೆ ಎಂದು ಬರೆದರು. ಮೂರು ಮೊಳ ಒಳಗೆ ಎಂದರೆ ಅವಳ ಕುಣಿ.

ನಾನು ಮಡಿಯುಟ್ಟು ಮಲ್ಲಯ್ಯನಿಗೆ ಕಾಯಿ ಒಡೆದೆ. ನಮ್ಮನ್ನು ಉಳಿಸಿದೆಯಪ್ಪಾ ಎಂದು ಹೇಳಿ ಓಣಿಗೆಲ್ಲ ಪ್ರಸಾದ ಹಂಚಿದೆ. ನೀಲವ್ವಕ್ಕನಿಗಾಗಿ ಅಯ್ಯೋ ಎನ್ನಿಸಿತು. ಅಯ್ಯೋ ಎನ್ನುವುದು ಎಷ್ಟು ಸುಲಭ, ನಮ್ಮ ಗೋಡೆ ನಿಂತಿರುವಾಗ.

ಬುಧವಾರ ಅವಳು ಬಂದಳು. ಬಗಲಿನ ಗಂಟನ್ನೂ ಇಳಿಸದೆ ಓಣಿಯಲ್ಲೇ ನಿಂತು ಕೂಗಿದಳು.

“ಯಾರ ಮನ್ಯಾಗ ಚಾ ಕುಡದು ಹೋದಬೇ ಆ ಸಾಹೇಬ?”

“ನಮ್ಮನ್ಯಾಗ, ಯಕ್ಕಾ. ಬಂದವರಿಗೆ ಚಾ ಕೊಡೂದು ತಪ್ಪೇನು?”

“ತಪ್ಪ್ಯಾಕ ಆಕ್ಕೈತಿ? ಒಂದು ಬಟ್ಟಲ ಚಾಕ್ಕ ನಿನ್ನ ಗ್ವಾಡಿ ಉಳೀತು. ನಾ ಊರಾಗ ಇದ್ದಿದ್ರ ಶಿರಾನ ಮಾಡಿ ಹಾಕ್ತಿದ್ನೆವ್ವಾ! ಗಂಡ ಹೆಂಡ್ತಿ ಕೂಡಿ ಮಸಲತ್ತು ಮಾಡೀರಿ.”

ನನಗೆ ಮೈಯೆಲ್ಲ ಉರಿಯಿತು. ಬೇರೆಯವರನ್ನು ಸಂಶಯಪಡುವವಳು ನಾನು, ನನ್ನನ್ನೇ ಸಂಶಯಪಡುವುದೆಂದರೇನು?

“ಮಲ್ಲಯ್ಯನ ಆಣಿ ಐತಿ, ನಿನ್ನ ಗ್ವಾಡಿ ಹೋಗೂದಕ್ಕ ನಮ್ಮ ಕೈ ಇಲ್ಲ,” ಎಂದು ಬಾಗಿಲು ಹಾಕಿಕೊಂಡೆ.

ಮುಂದಿನ ಸೋಮವಾರ ಬಂತು. ನಾನು ಸಗಣಿ ನೀರಿನ ಬಕೆಟ್ಟಿನಲ್ಲಿ ಕೈ ಅದ್ದಿದ್ದೆ. ಮನೆಯವರು ಗೂಟ ಹಿಡಿದು ಕೇಳಿದರು: “ಇವತ್ತೂ ಅತ್ಲಾಕಡೆ ಬಡೀಲೇನು?”

ಅತ್ತ ನೋಡಿದೆ. ಹೋದ ವಾರದ ಗೂಟದ ತೂತು ನೀಲವ್ವಕ್ಕನ ಕಟ್ಟೆಗೆ ಹತ್ತಿರ ಹಾಗೇ ಇತ್ತು. ಅದರ ಪಕ್ಕದಲ್ಲೇ ಅರ್ಧ ಅಳಿಸಿದ ಸುಣ್ಣದ ಗೆರೆ. ಸಾಹೇಬರು ಓಣಿಯ ನಡು ಎಂದು ಹಿಡಿದದ್ದು ಅದನ್ನು. ಬಕೆಟ್ಟಿನ ನೀರೆಲ್ಲ ನನ್ನ ಕಾಲ ಮೇಲೇ ಹೋಯಿತು.

“ನಿಮಗ ಗೊತ್ತಿತ್ತೇನ್ರಿ?”

ಅವರು ಗೂಟದ ಮಣ್ಣು ಕೆರೆದರು. “ಅವತ್ತ ಗೊತ್ತಿತ್ತು.”

“ಮತ್ತ ಬಾಯಿ ಬಿಡಲಿಲ್ಲ?”

“ನೀ ಕಾಯಿ ಒಡದು, ಮಲ್ಲಯ್ಯ ಉಳಿಸಿದ ಅಂತ ಓಣಿ ತುಂಬ ಹಂಚಿ ಬಂದಿ. ಮಲ್ಲಯ್ಯ ಅಲ್ಲ, ನಿನ್ನ ಸಗಣಿ ನೀರು ಅಂತ ನಾ ಹ್ಯಾಂಗ ಹೇಳ್ಲಿ?” ಅಷ್ಟು ನಗಿಸಿ, ನಂತರ ತಗ್ಗಿದ ದನಿಯಲ್ಲಿ ಹೇಳಿದರು: “ನಮ್ಮ ಮನಿ ಓಣಿಗೆ ಒಂದೀಟು ಮುಂದ ಐತಿ, ಸರಿಯಾಗಿ ಅಳದ್ರ ನಮ್ಮ ಗ್ವಾಡಿ ಹೋಗತೈತಿ. ಕುಣಿ ಗ್ವಾಡಿಗೆ ಹತ್ತಿಕೊಂಡ ಐತಿ. ಅಪ್ಪ ತೋಡಿದ ಕುಣಿ.”

ಕೂಡಲೇ ಓಡಿಹೋಗಿ ಹೇಳಿದೆ ಎಂದು ನೀವು ತಿಳಿದರೆ ನನ್ನನ್ನು ಹೆಚ್ಚು ಒಳ್ಳೆಯವಳು ಎಂದುಕೊಂಡಂತೆ. ಮೂರು ದಿನ ಸುಮ್ಮನಿದ್ದೆ. ಅವಳು ಒಂಟಿ ಜೀವ, ಎಲ್ಲಿದ್ದರೂ ನಡೆದೀತು ಎಂದುಕೊಂಡೆ. ಅಳೆದದ್ದು ಸಾಹೇಬ, ಪಾಪ ತಟ್ಟುವುದು ಅವನಿಗೆ ಎಂದುಕೊಂಡೆ. ಆದರೆ ಅವಳ ಮಗ್ಗ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಗೋಡೆ ಬೀಳುವುದರೊಳಗೆ ಕೈಯಲ್ಲಿದ್ದ ಸೀರೆ ಮುಗಿಸಬೇಕೆಂದು ಅವಳು ಊಟಕ್ಕೂ ಏಳುತ್ತಿರಲಿಲ್ಲ. ನಾನು ದೀಪ ಹಚ್ಚಿ ಕೈಮುಗಿಯುವಾಗಲೂ ಅದೇ ಸದ್ದು. ಆಣೆ ಮಾಡಿದ ಬಾಯಿಯಿಂದ ಮಲ್ಲಯ್ಯನ ಹೆಸರು ಹೊರಡಲಿಲ್ಲ. ನಾಲ್ಕನೆಯ ದಿನ ಎದುರುಮನೆಯ ಹೊಸ್ತಿಲು ದಾಟಿದೆ.

ಅವಳು ಕುಣಿಯಲ್ಲೇ ಇದ್ದಳು. ನಾನು ಹೇಳುತ್ತ ಹೋದೆ: ಸೋಮವಾರ, ಸಗಣಿ ನೀರು, ಗೂಟ, ಸರಪಳಿ. ಲಾಳಿ ನಿಂತಿತು. ಅತ್ತು ಅಪ್ಪಿಕೊಳ್ಳುತ್ತಾಳೆಂದು ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತು, ಸುಳ್ಳೇಕೆ ಹೇಳಲಿ.

“ಈಗ್ಯಾಕ ಹೇಳಾಕತ್ತಿ?” ಎಂದಳು. “ನಿನಗೇನ ಬೇಕಾಗೈತಿ ನನ್ನ ಕಡಿಂದ?”

“ಏನೂ ಬ್ಯಾಡ. ಜಮಖಂಡಿಗೆ ಹೋಗಿ ಸಾಹೇಬರಿಗೆ ಹೇಳೂಣು, ಬಾ.”

“ನಾ ಮನಿ ಬಿಟ್ಟು ಹೊಂಟ ಕೂಡ್ಲೆ ಕೆಡವಾಕ ಮಂದಿ ಬರ್ತಾರೇನು?”

“ಬಂದ್ರ ನನ್ನ ಮನ್ಯಾಗ ಇರು ನೀ.”

ಅವಳು ಮನೆಗೆ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ ಬಂದಳು.

ಹೀಗೆ ನಾನು ಮೊದಲ ಸಲ ಸರಕಾರಿ ಮೋಟಾರು ಹತ್ತಿದೆ. ನಮ್ಮ ಗೋಡೆ ಯಾವುದಕ್ಕಾಗಿ ಬೀಳಬೇಕಿತ್ತೋ ಅದರಲ್ಲೇ ಕೂತು, ಗೋಡೆ ಬೀಳಿಸಿರಿ ಎಂದು ಹೇಳಲು ಹೊರಟಿದ್ದೆ. ಮನೆಯವರು ಮುಂದೆ, ನಾವಿಬ್ಬರು ಹಿಂದೆ ಒಂದೇ ಸೀಟಿನಲ್ಲಿ. ರಸ್ತೆ ಕುಲುಕಿದಾಗಲೆಲ್ಲ ಅವಳ ಭುಜ ನನ್ನ ಭುಜಕ್ಕೆ ಬಡಿಯುತ್ತಿತ್ತು, ಇಬ್ಬರೂ ಸರಿಯಲು ನೋಡುತ್ತಿದ್ದೆವು, ಆ ಸಣ್ಣ ಸೀಟಿನಲ್ಲಿ ಜಾಗವಿರಲಿಲ್ಲ. ಮೋಟಾರು ಅರ್ಧ ಖಾಲಿಯೇ ಇದ್ದರೂ ಹೊತ್ತಿಗೆ ಹೊರಟಿತ್ತು. ಅದನ್ನು ಒಪ್ಪಿಕೊಳ್ಳಬೇಕು. ಖಾಸಗಿ ಮೋಟಾರಿನಲ್ಲಿ ಹೆಣ್ಣುಮಕ್ಕಳನ್ನು ಗಂಟುಗಳ ನಡುವೆ ತುರುಕುತ್ತಿದ್ದರು. ಇಲ್ಲಿ ಕಂಡಕ್ಟರು “ಕೂಡ್ರಿ ಅವ್ವಾರ” ಎಂದ. ಅಂದು ಸಿಕ್ಕ ಒಳ್ಳೆಯ ಮಾತು ಅದೊಂದೇ.

ಜಮಖಂಡಿಯ ಕಚೇರಿಯಲ್ಲಿ ಸಾಹೇಬರು ನಮ್ಮ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನನ್ನ ಮನಿ ಬಿಡ್ರಿ ಅಂತ ದಿನಾ ಹತ್ತು ಮಂದಿ ಬರ್ತಾರ. ನನ್ನ ಮನಿ ಕೆಡವ್ರಿ ಅಂತ ನೀವ ಮೊದಲು. ಖರೆ ಹೇಳ್ರಿ, ಏನ ಫಾಯದೆ ಐತಿ ಇದರಾಗ? ಮೋಟಾರ ಸ್ಟ್ಯಾಂಡ್ ಕಡೆ ಜಾಗಾದ ಮ್ಯಾಲೆ ಕಣ್ಣು ಬಿದ್ದೈತೇನು?”

ನಾನು ಬಾಯಿ ತೆರೆಯುವಷ್ಟರಲ್ಲಿ ನೀಲವ್ವಕ್ಕ ಮುಂದೆ ಬಂದಳು.

“ಫಾಯದೆ ನಂದೈತ್ರಿ. ಸಂಶೆ ಬಂದ್ರ ನನ್ನ ಮ್ಯಾಲೆ ಮಾಡ್ರಿ. ಆಕಿ ಮ್ಯಾಲೆ ಮಾಡೂದು ನಾ ಮಾಡಿ ಮುಗಿಸೇನಿ.”

ಸಾಹೇಬರು ಮತ್ತೆ ಬಂದು ಅಳೆದರು. ಈ ಸಲ ಓಣಿಯಲ್ಲಿ ಹಾಸು ಇರಲಿಲ್ಲ. ಓಣಿಯವರೆಲ್ಲ ಎರಡೂ ಬದಿಗೆ ನಿಂತು ಸರಪಳಿಯ ಒಂದೊಂದು ಕೊಂಡಿಯನ್ನೂ ನೋಡಿದರು. ನೀಲವ್ವಕ್ಕನ ಕಟ್ಟೆ ಹೋಯಿತು, ಕುಣಿ ಉಳಿಯಿತು. ನಮ್ಮ ಕಟ್ಟೆ ಹೋಯಿತು, ಗೋಡೆ ಹೋಯಿತು, ಮಾವನವರ ಕುಣಿಯನ್ನು ಮನೆಯವರು ತಮ್ಮ ಕೈಯಿಂದಲೇ ಮಣ್ಣು ಹಾಕಿ ಮುಚ್ಚಿದರು. ನಾನು ಒಳಗಿದ್ದೆ, ಹೊರಗೆ ಬರುವ ಧೈರ್ಯವಾಗಲಿಲ್ಲ. ಹೊಸ ಕುಣಿಗೆ ಜಾಗ ಸಿಕ್ಕಿದ್ದು ಅಡುಗೆಮನೆಯಲ್ಲಿ ಮಾತ್ರ. ಒಲೆ ಮೂಲೆಗೆ ಸರಿಯಿತು. ಅಲ್ಲಿ ಬೆಳಕು ಕಡಿಮೆ. ಕೊನೆಕೊನೆಗೆ ಅವರು ಎಳೆ ಹುಡುಕಲು ಕಣ್ಣು ಕಿರಿದು ಮಾಡುವುದನ್ನು ಕಂಡಾಗಲೆಲ್ಲ ಒಲೆಯ ಹತ್ತಿರದ ದೀಪವನ್ನು ಅವರ ಬದಿಗೆ ಸರಿಸಿಡುತ್ತಿದ್ದೆ. ಆದರೆ ರೊಟ್ಟಿ ಹಂಚಿನಿಂದ ಅವರ ತಾಟಿಗೆ ಒಂದೇ ಕೈ ದೂರ. ಅಷ್ಟು ವರ್ಷ ಬಿಸಿ ರೊಟ್ಟಿ ಉಂಡರು. ಇದನ್ನು ನಾನು ದೇವರ ದಯೆಯಲ್ಲಿ ಲೆಕ್ಕ ಹಿಡಿಯುತ್ತೇನೆ. ಕಾಯಿ ಒಡೆದು ಹಂಚಲು ಮಾತ್ರ ಹೋಗಲಿಲ್ಲ.

“ಮತ್ತ ನೀಲವ್ವತ್ತಿ ನಿಮ್ಮನ್ನ ನಂಬಿದ್ಲೇನ್ರಿ?” ನಿನ್ನೆ ಈ ಕತೆಯನ್ನೆಲ್ಲ ಕೇಳುತ್ತ ನನ್ನ ಮುಂದೆ ಕೂತಿದ್ದ ಸೊಸೆ ಕೇಳಿದಳು.

“ಎಲ್ಲಿ ನಂಬ್ತಾಳ? ಇರೂತನಕಾ, ನಾ ಮಸರು ಕಳಿಸಿದ್ರ ಮೊದಲ ಬೆಕ್ಕಿಗೆ ಹಾಕಿ ನೋಡಾಕಿ. ಆದ್ರ ಒಂದಿನಾನೂ ಬಟ್ಟಲ ತಿರಗಿ ಖಾಲಿ ಕಳಿಸಲಿಲ್ಲ.”

ಸೊಸೆ ನಕ್ಕಳು, ಮತ್ತೆ ಗಂಭೀರಳಾದಳು. “ಹಂಗಾರ ಈಗ ಏನ ಮಾಡೂದ್ರಿ?”

“ಎದುರಿನವರನ್ನ ಕರಕೊಂಡು ಕೂಡೇ ಹೋಗಿ ಅಳತಿಯವರನ್ನ ಕೇಳು, ಓಣಿ ನಡು ಎಲ್ಲಿ ಹಿಡದಾರ ಅಂತ. ಅವರ ಅಳತಿ ಸರಿ ಇದ್ರ ಸರಿ ಅಂದು ಬಾ. ನಮ್ಮದು ಹೋಗೂದಿದ್ರ ಹೋಗ್ಲಿ.”

ಅವಳು ಸೆರಗು ಸರಿಮಾಡಿಕೊಂಡು ಎದುರುಮನೆಗೆ ಹೊರಟಳು. ಕೇಳಲು ಹೋದಳೋ, ಜಗಳಕ್ಕೆ ಹೋದಳೋ? ನಡಿಗೆಯ ಬಿರುಸು ನೋಡಿದರೆ ಎರಡೂ ಇರಬಹುದು. ಕಿಟಕಿಯ ಬಳಿ ಹೋಗಿ ಕಿವಿಗೊಡಬೇಕೆಂದು ಕಾಲು ಎಳೆಯಿತು. ಅರ್ಧ ಎದ್ದೂ ಇದ್ದೆ. ಒಳಗೆ ಬೇಳೆ ಉಕ್ಕುವ ಸದ್ದು ಕೇಳಿತು. ಹೋಗಿ ಮುಚ್ಚಳ ತೆಗೆದು, ನೊರೆ ಹಾರಿಸಿ, ಸಾರಿಗೆ ಹುಣಸೆಹಣ್ಣು ಕಿವುಚತೊಡಗಿದೆ.