ಮೆಲ್ಬರ್ನಿಗೆ ಹೋಗದ ಖುಶನುಮಾ

ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿದಾಗ ಖುಶನುಮಾಳ ಫೋನಿಗೆ ಮೇಲ್ ಬಂತು. ಗಂಡ ರಿಜ್ವಾನ ಮಿರ್ಚಿ ಭಜಿ ಹಿಡಿದು ಬರುವಷ್ಟರಲ್ಲಿ ಅವಳು ಕಾರಿಗೆ ಆತು ನಿಂತಿದ್ದಳು.

“ಮೆಲ್ಬರ್ನದವರು ಬ್ಯಾಡ ಅಂದ್ರು. ಕಂಪನಿನ ಮಾರಿಬಿಟ್ಟಾರಂತ. ನನ್ನ ಹುದ್ದೇನ ತಗದಾರಂತ.”

“ವೀಸಾ?”

“ಅವರ ಮ್ಯಾಲೇ ನಿಂತಿತ್ತಲ್ರಿ. ಅದೂ ಹೋತು.”

ಬಾದಾಮಿಯ ಟೇಲರ್ ಇಮಾಮಸಾಬರ ಮಗಳು ಆಕೆ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದಿ, ಪುಣೆಯ ಕಂಪನಿಯೊಂದರಲ್ಲಿ ಕೋಡ್ ಬರೆದು ಪರೀಕ್ಷಿಸುವ ಕೆಲಸಕ್ಕೆ ಸೇರಿ, ಏರುತ್ತ ಏರುತ್ತ ಅಲ್ಲಿಯ ತಂತ್ರಜ್ಞಾನದ ಮುಖ್ಯಸ್ಥೆಯಾದವಳು. ಆಸ್ಟ್ರೇಲಿಯಾದ ವಯೋಮಿತಿಯಾದ ನಲವತ್ತೈದು ತುಂಬುವುದರೊಳಗೆ ವೀಸಾ ಅರ್ಜಿ ಮುಗಿಯಬೇಕೆಂಬ ಆತುರದಲ್ಲಿ ಆ ಕುರ್ಚಿ ಬಿಟ್ಟಿದ್ದಳು. ರಿಜ್ವಾನನೂ ಕಾಲೇಜಿನ ಕೆಲಸ ಬಿಟ್ಟಿದ್ದ. ಪುಣೆಯ ಮನೆ ಖಾಲಿಯಾಗಿತ್ತು. ಈಗ ಹೊರಟಿದ್ದು ತವರಿನ ಬೀಳ್ಕೊಡುಗೆ ಊಟಕ್ಕೆ.

“ಯಾರಿಗೂ ಹೇಳಬ್ಯಾಡ್ರಿ,” ಎಂದಳು.

ಬಾದಾಮಿಯಲ್ಲಿ ಓಣಿಯೇ ನೆರೆದಿತ್ತು. ತಾಯಿ ಜುಲೇಖಾ, ದೂರ ಹೊರಟವರ ತೋಳಿಗೆ ಹರಕೆಯಾಗಿ ಕಟ್ಟುವ ಇಮಾಮ್ ಜಾಮಿನ್ ತಂದು ನಿಂತಾಗ ಖುಶನುಮಾ ತೋಳು ಕಿತ್ತುಕೊಂಡಳು.

“ಕಟ್ಟಬ್ಯಾಡಮ್ಮಾ! ನಾ ಎಲ್ಲೂ ಹೊಂಟಿಲ್ಲ.”

ನಗುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡು ಎದ್ದರು.

ಇಳಕಲ್‌ನಲ್ಲಿ ತಂಗಿ ಮುಬಶೀರಾಳ ಮನೆಯ ಮಾಳಿಗೆಯಲ್ಲಿ, ಬಾದಾಮಿಯವರ ಕಣ್ಣಿಗೆ ಬೀಳದಂತೆ ಇಬ್ಬರೂ ಉಳಿದರು. ರಿಜ್ವಾನ ಹುನಗುಂದದ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಬಸ್ಸಿನಲ್ಲಿ ಓಡಾಡತೊಡಗಿದ. ಖುಶನುಮಾಳ ನಲವತ್ತೈದನೆಯ ಹುಟ್ಟಿದ ದಿನ ಬಂದು ಹೋಯಿತು, ವೀಸಾದ ಆಸೆಯೂ ಮುಗಿಯಿತು. ಹಳೆ ಕಂಪನಿಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು. ಉಳಿದ ಕಂಪನಿಯವರೆಲ್ಲ, ನಿಮ್ಮಂಥ ದೊಡ್ಡವರಿಗೆ ನಮ್ಮಲ್ಲಿ ಕೆಲಸವಿಲ್ಲ ಎಂದರು.

ಒಮ್ಮೆ ಸಂತೋಷಕುಮಾರ ಫೋನ್ ಮಾಡಿದ. ಪುಣೆಯಲ್ಲಿ ಅವನನ್ನು ಮೊದಲು ಕೆಲಸಕ್ಕೆ ತೆಗೆದುಕೊಂಡಿದ್ದೇ ಅವಳು; ಈಗ ಅವನು ಬೇರೆ ಕಂಪನಿಯಲ್ಲಿದ್ದ.

“ಮೇಡಂ, ನಮ್ಮ ತಂಡದಾಗ ಒಂದು ಜಾಗಾ ಅದ. ಸಣ್ಣದು. ಕೇಳಾಕ ನಾಚಿಕಿ ಆಗ್ತದ.”

“ನನಗಿಲ್ಲಪಾ ನಾಚಿಕಿ. ಬರ್ತೇನಿ.”

ಆದರೆ ಮೊದಲು ಕಂಪ್ಯೂಟರಿನಲ್ಲೇ ಕೋಡ್ ಬರೆದು ತೋರಿಸುವ ಪರೀಕ್ಷೆ ಕೊಡಬೇಕಿತ್ತು. ವರ್ಷಗಟ್ಟಲೆ ಸಭೆ ನಡೆಸಿದವಳಿಗೆ ಕೋಡ್ ಬರೆಯುವ ಕೈ ತಪ್ಪಿಹೋಗಿತ್ತು. ಪರದೆಯಾಚೆ ಕೂತು ಪರೀಕ್ಷೆ ನಡೆಸುತ್ತಿದ್ದ ಹುಡುಗಿ, “ಪರವಾಗಿಲ್ಲ ಮೇಡಂ, ಸಾಕು,” ಎಂದು ಮೆಲ್ಲಗೆ ನಿಲ್ಲಿಸಿದಳು. ಸಂತೋಷಕುಮಾರ ಮತ್ತೆ ಫೋನ್ ಮಾಡಲಿಲ್ಲ.

ಅಂದು ಖುಶನುಮಾ ಗಂಡನ ಮೇಲೆ ಹರಿಹಾಯ್ದಳು. “ಒಂದರೆ ಮಾತು ಬೈರಿ ನನಗ! ಎಲ್ಲಾ ನನ್ನಿಂದ ಹಾಳಾತು ಅನ್ರಿ!”

ರಿಜ್ವಾನ ಅವಳ ಪಕ್ಕ ಬಂದು ಕೂತ. “ಖರೆ ಹೇಳ್ಲಿ? ನನಗ ಆ ದೇಶಕ್ಕ ಹೋಗೋದು ಬೇಕಾಗೇ ಇರಲಿಲ್ಲ. ನಿನ್ನ ಸಲುವಾಗಿ ಹೂಂ ಅಂದೆ.”

ಬೈಗಳಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ, ಗೋಡೆಗೆ ಮುಖ ಮಾಡಿ ಅತ್ತಳು.

ಮರುದಿನ ಕೂತು, ಕೆಲಸದ ಅರ್ಜಿಗೆ ಹಚ್ಚುವ ತನ್ನ ಪರಿಚಯಪತ್ರದಿಂದ ಮುಖ್ಯಸ್ಥೆ ಎಂಬುದನ್ನು ಅಳಿಸಿದಳು. ನಿರ್ದೇಶಕಿ ಎಂಬುದನ್ನೂ ಅಳಿಸಿದಳು. ಕೊನೆಗೆ ಉಳಿದದ್ದು ಕೆಲವೇ ವರ್ಷ ಕೋಡಿನ ತಪ್ಪು ಹುಡುಕುವ ಕೆಲಸ ಮಾಡಿದ ಒಬ್ಬ ಸಾಧಾರಣ ಪರೀಕ್ಷಕಿ. ಅಂಥವಳಿಗೆ ಹುಬ್ಬಳ್ಳಿಯ ಸಣ್ಣ ಕಂಪನಿಯೊಂದು ಮನೆಯಿಂದಲೇ ಕೆಲಸ ಕೊಟ್ಟಿತು.

“ಅಮ್ಮಗ ಹೇಳೂಣೇನು?” ಎಂದ ರಿಜ್ವಾನ.

“ಏನಂತ ಹೇಳ್ತೀರಿ? ಮುಖ್ಯಸ್ಥೆ ಇದ್ದಾಕಿ ಈಗ ಪರೀಕ್ಷಕಿ ಆಗ್ಯಾಳಂತೇನು?” ಎಂದಳು ಖುಶನುಮಾ. ಅವಳು ಕಂಪ್ಯೂಟರ್ ಕಡೆ ತಿರುಗಿ ಮೊದಲ ದಿನದ ಕೆಲಸ ಶುರುಮಾಡಿದಳು.